ಟರ್ಬೊ ಇಲ್ಲದ ಬುಲೆಟ್ಟು

ಈ ಕಥೆಯನ್ನು ಎಲ್ಲಿಂದ ಶುರುಮಾಡುವುದು? ಹಿಮದಿಂದ ಶುರುಮಾಡೋಣವೆಂದರೆ ಇದು ನಡೆಯುವುದು ಶಿರಾದಲ್ಲಿ. ಅಲ್ಲಿ ಐಸು ಅಂದರೆ ಸೈಕಲ್ ಮೇಲೆ ಬರುವ ಕೆಂಪು ಕ್ಯಾಂಡಿ, ಅಷ್ಟೆ. ಮೊದಲ ಡ್ರಾಫ್ಟಿನಲ್ಲಿ ಧೈರ್ಯಮಾಡಿ ಮಧುಗಿರಿ ಬೆಟ್ಟದ ಮೇಲೆ ಹಿಮ ಸುರಿಸಿ, ಅದರ ಮೇಲೊಂದು ಸ್ನೋ ಸ್ಕೂಟರ್ ಓಡಿಸಿದ್ದೆ. ನಾನೇ ಬರೆದು ನಾನೇ ನಂಬಲಿಲ್ಲ. ಹರಿದು ಬಿಸಾಕಿದೆ.

(ನಂಬಿಕೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಈ ಕಥೆಯಲ್ಲಿ ಯಾರೂ ಯಾರನ್ನೂ ನಂಬುವುದಿಲ್ಲ. ನೀವೂ ನನ್ನನ್ನು ಪೂರ್ತಿ ನಂಬಬೇಡಿ.)

೧

೧೯೮೭. ಅಫ್ಜಲುನ್ನೀಸಾಳ ಗಂಡ ಗುಲಾಮ್ ಮೊಹಿದ್ದೀನ್ ಮಿಲಿಟರಿಯಲ್ಲಿ ಮೆಕ್ಯಾನಿಕ್ ಆಗಿದ್ದವನು, ರಿಟೈರಾಗಿ ಶಿರಾಕ್ಕೆ ಬಂದು ಬಸ್ ಸ್ಟ್ಯಾಂಡ್ ಹತ್ತಿರ ಗ್ಯಾರೇಜು ಇಟ್ಟಿದ್ದಾನೆ. ಕೊನೆಯ ಕೆಲವು ವರ್ಷ ಉತ್ತರದ ಗಡಿಯ ಹಿಮದಲ್ಲಿದ್ದನಂತೆ. ಈ ‘ಅಂತೆ’ ನನ್ನದಲ್ಲ, ಅವಳದು. ಆ ವರ್ಷಗಳಲ್ಲಿ ಅವನು ರಜಕ್ಕೆ ಬಂದದ್ದು ಕಡಿಮೆ, ಬಂದಾಗ ಮಾತಾಡಿದ್ದು ಇನ್ನೂ ಕಡಿಮೆ. ಈಗ ದಿನಾ ಸಂಜೆ ಬುಲೆಟ್ಟಿನಲ್ಲಿ ಮನೆಗೆ ಬರುತ್ತಾನೆ, ಬಾಗಿಲ ಮುಂದೆ ನಿಲ್ಲಿಸುತ್ತಾನೆ, ಇಂಜಿನ್ ಮಾತ್ರ ಆಫ್ ಮಾಡುವುದಿಲ್ಲ. ಒಳಗೆ ಚಹಾ ಉಕ್ಕಿ, ಅವಳದನ್ನು ಇಳಿಸಿ, ಸೋಸಿ, ಲೋಟಕ್ಕೆ ಹಾಕುವವರೆಗೂ ಗಾಡಿ ಡುಗುಡುಗು ಎನ್ನುತ್ತಲೇ ಇರುತ್ತದೆ. ಅವನು ಪಕ್ಕದಲ್ಲಿ ನಿಂತು ಬೀದಿಯ ಕೊನೆಯನ್ನು ನೋಡುತ್ತಿರುತ್ತಾನೆ.

ಎದುರುಮನೆಯ ಪುಟ್ಟಕ್ಕ ಹಾಲು ಹಾಕಲು ಬಂದವಳು ಸುಮ್ಮನಿರಲಿಲ್ಲ.

“ಬೂವಮ್ಮ, ನಾನೇಳ್ತೀನಿ ಅಂತ ಬ್ಯಾಸ್ರ ಮಾಡ್ಕಬ್ಯಾಡ. ನಿಮ್ ಸಾಬ್ರು ದಿನಾ ಗಾಡಿ ಗುರ್ ಅನ್ನುಸ್ಕಂಡು ಆ ಮೂಲೆ ಕಡೆ ಯಾರ್ನ ನೋಡ್ತಾರೆ?”

“ಯಾರ್ನೂ ಇಲ್ಲ ಪುಟ್ಟಕ್ಕ. ಇಂಜಿನ್ ತಣ್ಣಗಾಗ್ಬೇಕಂತೆ.”

“ತಣ್ಣಗಾಗಕ್ಕೆ ಆಪ್ ಮಾಡ್ತಾರೋ, ಉರಿಸ್ತಾರೋ?”

ಅಫ್ಜಲುನ್ನೀಸಾ ಹಾಲಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದಳು. ಪುಟ್ಟಕ್ಕ ಹೋದಳು, ಅವಳ ಪ್ರಶ್ನೆ ಹೋಗಲಿಲ್ಲ. ಉತ್ತರದಲ್ಲಿ ಇವನಿಗೆ ಇನ್ನೊಂದು ಸಂಸಾರವಿತ್ತೇ? ಆ ಹೆಣ್ಣೇನಾದರೂ ಹುಡುಕಿಕೊಂಡು ಬರುತ್ತಾಳೆಂದು ಕಾಯುತ್ತಿದ್ದಾನೆಯೇ?

[ಆ ಹೆಣ್ಣಿಗೊಂದು ಹೆಸರು ಕೊಟ್ಟು ನಾನು ಪುಟಗಟ್ಟಲೆ ಬರೆದಿದ್ದೆ. ಚೆನ್ನಾಗಿಯೇ ಬಂದಿತ್ತು. ಅಷ್ಟರಲ್ಲಿ ಅಫ್ಜಲುನ್ನೀಸಾ ಜಗಳಕ್ಕೆ ಬಂದಳು: “ನನಗೇ ಇನ್ನೂ ಗ್ಯಾರಂಟಿ ಇಲ್ಲ, ನಿಮಗೆ ಹೆಂಗ್ರೀ ಗ್ಯಾರಂಟಿ?” ತೆಗೆದುಹಾಕಿದೆ.]

೨

ಇನ್ನು ಇಂಜಿನ್ನಿನ ವಿಷಯ. ಹಾರಿಸಿ ಓದುವವರು ಇಲ್ಲಿ ಹಾರಿಸಬೇಡಿ, ಅವಳ ಸಂಶಯವೆಲ್ಲ ಇಲ್ಲೇ ಇದೆ.

ತಾವರೆಕೆರೆಯ ಲಾರಿ ಡ್ರೈವರ್ ಕಾಟಪ್ಪ ಒಂದು ದಿನ ಮನೆಯ ಜಗುಲಿಯಲ್ಲಿ ಕೂತು ಗುಲಾಮನಿಂದ ಹಿಮದ ಮೇಲೆ ಓಡುವ ಗಾಡಿಗಳ ಕಥೆ ಕೇಳುತ್ತಿದ್ದ. ಅಲ್ಲಿ ಎರಡು ಥರದ ಗಾಡಿ ತಂದು ಪರೀಕ್ಷೆ ಮಾಡುತ್ತಿದ್ದರಂತೆ.

“ಎರಡ್ರಾಗೆ ಯಾವ್ದು ಮೇಲು ಸಾಬ್ರೇ?”

“ಒಂದು ದೊಡ್ಡ ಬೋರಿಂದು, ಅಂದ್ರೆ ಸಿಲಿಂಡರು ಅಗಲ. ಅದು ಉಸಿರು ತಾನೇ ಎಳ್ಕಂತದೆ. ಕೈ ತಿರುಗಿಸಿದ್ರೆ ಸಾಕು, ನೆಗೀತದೆ. ಕೆಳಗಡೆ ಅದೇ ರಾಜ. ಮೇಲಕ್ಕೋದ್ರೆ ಗಾಳಿ ತೆಳ್ಳಗೆ ನೋಡು, ದಮ್ಮು ಕಟ್ಟತದೆ. ಇನ್ನೊಂದು ಟರ್ಬೊಂದು. ಟರ್ಬೊ ಅಂದ್ರೆ ಕುಲುಮೆ ತಿದಿ ಇದ್ದಂಗೆ. ತನ್ನ ಹೊಗೇಲೇ ಫ್ಯಾನ್ ತಿರುಗ್ಸಿ ಗಾಳಿ ಒಳಕ್ಕೆ ತುಂಬ್ತದೆ. ಎತ್ತರಕ್ಕೆ ಹೆದ್ರಲ್ಲ. ಓಡಿ ಬಂದ ತಕ್ಷಣ ಮಾತ್ರ ಆಫ್ ಮಾಡ್ಬಾರ್ದು. ಫ್ಯಾನು ಕೆಂಪಗೆ ಕಾದಿರ್ತದೆ, ಆಯಿಲ್ಲು ಅಲ್ಲೇ ಸುಟ್ಟು ಬೇರಿಂಗು ಹಿಡ್ಕಂತದೆ.”

“ನೀವ್ ಓಡಿಸ್ತಿದ್ದುದ್ ಯಾವ್ದು?”

“ದೊಡ್ಡ ಬೋರಿಂದು.”

ಪರದೆಯ ಹಿಂದೆ ಅಫ್ಜಲುನ್ನೀಸಾ ಹಾಗೇ ನಿಂತುಬಿಟ್ಟಳು. ಹೋದ ರಂಜಾನಿನಲ್ಲಿ ಅವಳ ಅಣ್ಣ ಕರೀಮ್ ಸಾಬ್ ಇದನ್ನೇ ಕೇಳಿದಾಗ ಇದೇ ಬಾಯಿ “ಟರ್ಬೊ” ಅಂದಿತ್ತು. ದೊಡ್ಡ ಬೋರಿನದು ಓಡಿಸಿದವನಿಗೆ ಆಫ್ ಮಾಡದೆ ನಿಲ್ಲುವ ಚಾಳಿ ಎಲ್ಲಿಂದ ಬಂತು? ಟರ್ಬೊ ಓಡಿಸಿದ್ದರೆ ಕಾಟಪ್ಪನಿಗೆ ಸುಳ್ಳು ಯಾಕೆ? ಅದೂ ಅಲ್ಲದೆ ಬುಲೆಟ್ಟಿಗೆ ಟರ್ಬೊನೇ ಇಲ್ಲ, ಅಷ್ಟು ಅವಳಿಗೂ ಗೊತ್ತು. ಇಂಜಿನ್ ವಿಷಯಕ್ಕೇ ಸುಳ್ಳು ಹೇಳುವವನು ಮಿಕ್ಕದ್ದಕ್ಕೆ ಎಷ್ಟು ಹೇಳಿರಬೇಡ!

(ನನಗೂ ಗುಲಾಮನ ಮೇಲೆ ಸಂಶಯ ಶುರುವಾದದ್ದು ಇಲ್ಲಿಂದಲೇ. ಅವನನ್ನು ಹುಟ್ಟಿಸಿದವನು ನಾನು ಎಂಬುದು ಯಾವ ಉಪಯೋಗಕ್ಕೂ ಬರಲಿಲ್ಲ.)

೩

ಮಾರನೆಯ ಸಂಜೆ ಅವಳು ಚಹಾಕ್ಕೆ ಇಡಲೇ ಇಲ್ಲ. ಬುಲೆಟ್ಟು ಬಂದು ನಿಂತದ್ದೇ ಹೊರಗೆ ಬಂದು, ಕೀ ತಿರುಗಿಸಿ ಆಫ್ ಮಾಡಿದಳು. ಸಿಟ್ಟಾದರೆ ಒಂದು ಲೆಕ್ಕ, ನಕ್ಕು ತೇಲಿಸಿದರೆ ಇನ್ನೊಂದು ಲೆಕ್ಕ ಎಂದುಕೊಂಡಿದ್ದಳು. ಅವನು ಎರಡೂ ಮಾಡಲಿಲ್ಲ. ತಟ್ಟನೆ ಹಿಂದಿನ ಸೀಟಿನ ಮೇಲೆ ಕೈಯಿಟ್ಟು ಸವರಿದ.

“ಯಾಕೆ ಆಫ್ ಮಾಡ್ದೆ? ಇನ್ನೊಬ್ಬ ಬರ್ಬೇಕಿತ್ತು.”

(ಮನೆಯಲ್ಲಿ ಅವರದು ಉರ್ದು. ಕನ್ನಡಕ್ಕೆ ಇಳಿಸಿದವನು ನಾನು. ಅದಕ್ಕೂ ಅವಳ ತಕರಾರಿದೆ.)

“ಯಾರು?”

ಬೀದಿಯಲ್ಲೇ ನಿಂತು ಹೇಳಿದ. ಹತ್ತುವಾಗ ಅವನದು ದೊಡ್ಡ ಬೋರಿನ ಗಾಡಿ, ಹಿಂದೆ ಜೊತೆಗಾರನದು ಟರ್ಬೊ. ಅರ್ಧ ಏರಿನಲ್ಲಿ ದೊಡ್ಡದು ದಮ್ಮು ಕಟ್ಟಿ ನಿಂತಿತು. ಅದನ್ನು ಅಲ್ಲೇ ಬಿಟ್ಟು ಇಬ್ಬರೂ ಟರ್ಬೊದಲ್ಲಿ ಇನ್ನಷ್ಟು ಮೇಲೆ ಹೋದರು. ಕೆಳಗೆ ಬಿಟ್ಟ ಗಾಡಿಯಲ್ಲಿ ಹಗ್ಗ ಉಳಿದಿದೆ, ತರುತ್ತೇನೆ, ನನ್ನ ಗಾಡಿ ನೋಡಿಕೋ, ಆಫ್ ಮಾಡಬೇಡ ಎಂದು ಜೊತೆಗಾರ ಇಳಿದುಹೋದ. ಆಮೇಲೆ ಗಾಳಿ ಎದ್ದಿತು. ಏನೂ ಕಾಣದಷ್ಟು ಹಿಮ. ಪೆಟ್ರೋಲು ತಳ ಮುಟ್ಟುವವರೆಗೂ ಗುಲಾಮ್ ಇಂಜಿನ್ ಉರಿಸಿಕೊಂಡೇ ಕಾದ. ಕೊನೆಗೆ ಒಬ್ಬನೇ ಟರ್ಬೊದಲ್ಲಿ ಕೆಳಗಿಳಿದ.

ಹೋಗುವಾಗ ಅದು, ಬರುವಾಗ ಇದು. ಹಾಗಾದರೆ ಎರಡೂ ಉತ್ತರ ನಿಜ.

“ಅವರ ಹೆಸರೇನು?” ಎಂದಳು.

ಅವನು ಒಳಗೆ ಹೋಗಿ ಮುಖ ತೊಳೆದುಕೊಂಡ.

೪

ಮುಕ್ತಾಯಗಳು, ನಿಮಗೆ ಬೇಕಾದದ್ದು ತೆಗೆದುಕೊಳ್ಳಿ. ಒಂದು: ಅವಳು ಅತ್ತು, ಅವನನ್ನು ನಂಬಿದಳು. (“ಅಳೋ ಸೀನ್ ತೆಗೀರಿ” ಎಂದು ಅವಳ ಆರ್ಡರ್.) ಇನ್ನೊಂದು: ಉತ್ತರದಿಂದ ಒಬ್ಬಳು ಬಂದು ಬಾಗಿಲು ಬಡಿದಳು. ಇದು ಪುಟ್ಟಕ್ಕನಿಗೆ ಬಹಳ ಹಿಡಿಸಿತು.

“ನೀವು ಬರೆಯೋರು,” ಎಂದಳು ಅಫ್ಜಲುನ್ನೀಸಾ, ಈ ಸಲ ಜಗಳದ ದನಿಯಲ್ಲಲ್ಲ. “ಅವರು ಹೇಳಿದ್ದು ನಿಜಾನಾ?”

“ಗೊತ್ತಿಲ್ಲಮ್ಮ.”

“ಹಂಗಾದ್ರೆ ಸುಮ್ನಿರಿ.”

ಸುಮ್ಮನಿದ್ದೆ. ಆ ಸಂಜೆ ಬುಲೆಟ್ಟು ಬಂದು ನಿಂತಿತು. ಅವಳು ಬುರ್ಖಾ ಹಾಕಿಕೊಂಡು ಬಂದು, ಹಿಂದಿನ ಸೀಟಿನಲ್ಲಿ ಒಂದು ಪಕ್ಕಕ್ಕೆ ಕೂತಳು. ಗುಲಾಮ್ ಒಮ್ಮೆ ತಿರುಗಿ ನೋಡಿದ. ಇಂಜಿನ್ ಓಡುತ್ತಲೇ ಇತ್ತು.

“ಎಲ್ಲಿಗ್ ಬೂವಮ್ಮ ಸವಾರಿ?” ಎದುರು ಜಗುಲಿಯಿಂದ ಪುಟ್ಟಕ್ಕ ಕೂಗಿದಳು.

“ಎಲ್ಲಿಗೂ ಇಲ್ಲ.”

ಈಗ ಇಬ್ಬರೂ ಬೀದಿಯ ಕೊನೆಯನ್ನೇ ನೋಡುತ್ತಿದ್ದರು. ಹೆಣ್ಣೊಬ್ಬಳು ಬಂದರೆ ಅವನಿಗಿಂತ ಮೊದಲು ತಾನು ನೋಡಬೇಕು. ಆ ಜೊತೆಗಾರ ಬಂದರೆ ಇಳಿದು ಸೀಟು ಬಿಟ್ಟುಕೊಡಬೇಕು. ಎರಡಕ್ಕೂ ಅವಳು ತಯಾರಾಗಿ ಕೂತಿದ್ದಳು.

ಕಥೆ ಇಷ್ಟು ಸಾಕೆಂದು ನಾನು ಬುಲೆಟ್ಟಿನ ಕೀಗೆ ಕೈ ಹಾಕಿದೆ.

“ಕೈ ತೆಗೀರಿ,” ಎಂದಳು. “ಇನ್ನೂ ಯಾರೂ ಬಂದಿಲ್ಲ.”