ಚಪ್ಪಲಿ ಹೊರಗೆ ಬಿಡಿ

ಗುಂಡ ಸತ್ತ ದಿನ ನಮ್ಮ ಬಾವ ಕಾಲ ಮೇಲೆ ಕಾಲು ಹಾಕಿಕೊಂಡು ಕೂತು, ಬಂದ ನೆಂಟರೆಲ್ಲರ ಎದುರಿಗೆ ಹೇಳಿದ ಮಾತು ಒಂದೇ: "ನೀನು ಸರಿಯಾಗಿ ಹೊಟ್ಟೆಗೆ ಹಾಕಿಲ್ಲ ಕಣಮ್ಮ. ಹಸಿದು ಸತ್ತಿದೆ ಅದು."

ಬಾವ ಅಂದರೆ ನನ್ನ ಅಕ್ಕನ ಗಂಡ. ಎದುರಿಗೆ ಬಹುವಚನ ಕೊಡುತ್ತೇನೆ, ಇಲ್ಲಿ ಕೊಡುವುದಿಲ್ಲ. ನಾಯಿಮರಿ ಸಾಕಿ ಮಾರುವುದು ಅವನ ಕಸುಬು. ಅಮ್ಮ ಮತ್ತು ನಾನು ಇಬ್ಬರೇ ಇರುವ ಮನೆ ಬಿಕೋ ಅನ್ನುತ್ತದೆ ಅಂತ ಗುಂಡನನ್ನು ತಂದುಕೊಟ್ಟವನೂ ಅವನೇ. ನಾನು ಟೈಲರ್, ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಮರಿ ಬಂದ ದಿನವೇ ಮೆಷಿನ್ ಕೆಳಗಿನ ಬಟ್ಟೆ ಚೂರುಗಳ ರಾಶಿಯೊಳಗೆ ನುಗ್ಗಿ ಮಲಗಿಬಿಟ್ಟಿತು. ಕೆಲವೇ ದಿನಗಳಲ್ಲಿ ಅದರ ಒಸಡು ಕಾಗದದಂತೆ ಬೆಳ್ಳಗಾಯಿತು. ಹೇಲು ಡಾಂಬರಿನಂತೆ ಕಪ್ಪಾಯಿತು.

ನಾಯಿ ಡಾಕ್ಟರಮ್ಮ ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರೇ ತಲೆಯಾಡಿಸಿದರು. "ಕೊಕ್ಕೆಹುಳ. ಕರುಳಿಗೆ ಕಚ್ಕೊಂಡು ರಕ್ತ ಹೀರುತ್ತೆ. ತಾಯಿ ಹಾಲಲ್ಲೇ ಬಂದಿರುತ್ತೆ. ಕಣ್ಣು ಬಿಡೋ ಹೊತ್ತಿಗೇ ಔಷಧಿ ಶುರು ಮಾಡ್ಬೇಕಿತ್ತು, ತಾಯಿಗೂ ಕೊಡ್ಬೇಕಿತ್ತು." ಹುಳದ ಔಷಧಿ ಹಾಕಿದರು, ಕಬ್ಬಿಣಾಂಶದ ಹನಿ ಹಾಕಿದರು, ಬೇರೆ ನಾಯಿಯ ರಕ್ತವನ್ನೂ ಕೊಟ್ಟರು. ಹೊತ್ತು ಮೀರಿತ್ತು. ಮೆಷಿನ್ ಪೆಡಲ್ ಮೇಲಿದ್ದ ನನ್ನ ಪಾದಕ್ಕೆ ತಲೆಯಿಟ್ಟು ಗುಂಡ ಸತ್ತ.

ಇದನ್ನೆಲ್ಲ ಬಾವನಿಗೆ ಹೇಳಿದರೆ ಅವನು ನಕ್ಕ. "ನನ್ನ ಅಂಗಳದಲ್ಲಿ ಹುಳಾನಾ? ಹೊತ್ತು ಹೊತ್ತಿಗೂ ಪೈಪ್ ಹಿಡಿದು ತೊಳೀತೀನಿ. ಅಲ್ಲಿ ನೆಲದ ಮೇಲೆ ಬಡಿಸ್ಕೊಂಡು ಉಣ್ಣಬಹುದು."

ತೊಳೆಯುತ್ತಿದ್ದುದು ನಿಜ. ಮರದ ನೆರಳಿನ ಮಣ್ಣಿನ ಅಂಗಳ ಅದು. ನಾಯಿಗಳ ಹೇಲನ್ನು ಎತ್ತುವ ಬದಲು ನೀರು ಬಿಟ್ಟು ಮಣ್ಣಿಗೇ ಇಳಿಸುತ್ತಿದ್ದ. ಹೊರಗಿನ ರೋಗ ಒಳಗೆ ಬರಬಾರದೆಂದು ಗೇಟಿಗೆ ಬೋರ್ಡು ಬೇರೆ: ಚಪ್ಪಲಿ ಹೊರಗೆ ಬಿಡಿ. ಗಿರಾಕಿ, ಹೆಂಡತಿ, ಯಾರೇ ಆಗಲಿ ಬರಿಗಾಲಲ್ಲೇ ಒಳಗೆ ಹೋಗಬೇಕು. ಇದನ್ನು ಕೇಳಿ ಡಾಕ್ಟರಮ್ಮ ಹಣೆ ಹಣೆ ಚಚ್ಚಿಕೊಂಡರು. "ಒದ್ದೆ ಮಣ್ಣು, ನೆರಳು. ಹುಳದ ಮರಿಗಳಿಗೆ ಅದಕ್ಕಿಂತ ಒಳ್ಳೆ ತೊಟ್ಟಿಲು ಇಲ್ಲ. ಬರಿಗಾಲಿದ್ರೆ ಮನುಷ್ಯರ ಚರ್ಮದೊಳಕ್ಕೂ ನುಗ್ಗುತ್ತೆ. ಕೆಂಪು ಗೆರೆ ವಂಕಿವಂಕಿಯಾಗಿ ಹರೀತಾ ಹೋಗುತ್ತೆ, ತುರಿಕೆ ಅಂದ್ರೆ ತುರಿಕೆ."

ನೆಂಟರ ಬಾಯಲ್ಲಿ ಮಾತ್ರ ನಾನು ಮರಿ ಕೊಂದವಳಾಗಿಯೇ ಉಳಿದೆ. ಇವಳ ಕೈಗೆ ಗಿಳಿಯನ್ನೂ ಕೊಡಬೇಡ ಅಂತ ಚಿಕ್ಕಮ್ಮ ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು ನನ್ನ ಕಿವಿಗೇ ಬಿತ್ತು. "ನೀನು ಚೆನ್ನಾಗೇ ನೋಡ್ಕೊಂಡೆ ಕಣೇ" ಅಂದವಳು ಅಕ್ಕ ಒಬ್ಬಳೇ. ನಾನು ಮತ್ತೆ ಹೊಲಿಗೆಗೆ ಕೂತೆ. ಮರೆತೆ ಅಂತಲ್ಲ, ನಾನು ಮರೆಯುವವಳೇ ಅಲ್ಲ.

ಆಮೇಲೊಂದು ದಿನ ಬಾವ ಹೊಸ ಪ್ಯಾಂಟ್ ಹಿಡಿದುಕೊಂಡು ಅಂಗಡಿಗೆ ಬಂದ. ನಾಯಿಗಳ ಸ್ಪರ್ಧೆಗೆ ಅವನನ್ನು ತೀರ್ಪುಗಾರನಾಗಿ ಕರೆದಿದ್ದರು, ಉದ್ದ ಕತ್ತರಿಸಿ ಹೊಲಿದುಕೊಡಬೇಕಂತೆ. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅವನ ಕಾಲ ಬಳಿ ಮಂಡಿಯೂರಿ ಕೂತೆ. ಅಂಚು ಮಡಚುವಾಗ ಕಂಡಿತು. ಹಿಮ್ಮಡಿಯ ಪಕ್ಕದಿಂದ ಹೊರಟ ಕೆಂಪು ಗೆರೆ, ವಂಕಿವಂಕಿ. ಅವನು ಇನ್ನೊಂದು ಪಾದದಿಂದ ಅದನ್ನು ಉಜ್ಜುತ್ತಲೇ ಇದ್ದ.

"ಏನಿದು ಬಾವ?"

"ಹುಳುಕಡ್ಡಿ ಇರ್ಬೇಕು. ಮುಲಾಮು ಹಚ್ತಾನೇ ಇದೀನಿ. ಕಣ್ಣಿಗೆ ನಿದ್ದೆ ಇಲ್ಲ."

ನನ್ನ ಹೊಟ್ಟೆ ತಣ್ಣಗಾಯಿತು. ಎಷ್ಟು ತಣ್ಣಗಾಯಿತೆಂದರೆ ಸೂಜಿಗಳು ಬಾಯಿಂದ ಉದುರುವುದರಲ್ಲಿದ್ದವು. ಅವನ್ನು ತೆಗೆದು ಪೆಟ್ಟಿಗೆಗೆ ಹಾಕಿ ನಿಧಾನವಾಗಿ ಹೇಳಿದೆ. "ನೀವು ಸರಿಯಾಗಿ ಊಟ ಮಾಡ್ತಿಲ್ಲ ಅನ್ಸುತ್ತೆ ಬಾವ."

"ಇರ್ಬಹುದು," ಅಂದ ಗಂಭೀರವಾಗಿ.

ಆ ಪ್ಯಾಂಟನ್ನು ನಾನು ಬೇಗ ಮುಗಿಸಲಿಲ್ಲ. ಅಳತೆ ಇನ್ನೊಮ್ಮೆ ನೋಡಬೇಕು, ಮಡಿಕೆ ಸರಿ ಕೂತಿಲ್ಲ ಅಂತ ಮತ್ತೆ ಮತ್ತೆ ಕರೆಸಿದೆ. ಪ್ರತಿ ಸಲವೂ ಗೆರೆ ಇಷ್ಟಿಷ್ಟೇ ಮುಂದೆ ಹೋಗಿರುತ್ತಿತ್ತು. ಕಿರುಬೆರಳಿನ ಬುಡಕ್ಕೆ ಮುಟ್ಟಿದ ದಿನ ನನಗೆ ಹಾಡಿಕೊಳ್ಳಬೇಕೆನಿಸಿತು.

ಕೊನೆಗೊಂದು ಭಾನುವಾರ ನೆಂಟರೆಲ್ಲ ನಮ್ಮ ಮನೆಗೆ ಊಟಕ್ಕೆ ಬಂದರು. ಅಂಥ ಸೆಕೆಯಲ್ಲೂ ಅಕ್ಕ ಕಾಲುಚೀಲ ಹಾಕಿಕೊಂಡು ಬಂದಿದ್ದಳು. ನಾನು ಅದನ್ನು ನೋಡಿಯೂ ನೋಡಲಿಲ್ಲ, ನನ್ನ ಕಣ್ಣೆಲ್ಲ ಬಾವನ ಮೇಲಿತ್ತು. ಅವನು ಮೇಜಿನ ಕೆಳಗೆ ಪಾದ ಕೆರೆದುಕೊಳ್ಳುತ್ತ ತುತ್ತು ನುಂಗಲಾರದೆ ಕೂತಿದ್ದ.

"ಬಾವ, ನಿಮ್ಮ ಕಾಲಿಗೆ ಏನಾಗಿದೆ ಅಂತ ನಂಗೆ ಗೊತ್ತು. ಔಷಧೀನೂ ಗೊತ್ತು. ಹೇಳ್ತೀನಿ. ಮೊದ್ಲು ಗುಂಡ ಯಾಕೆ ಸತ್ತ ಅಂತ ಇವರಿಗೆಲ್ಲ ನೀವು ಹೇಳಿ."

"ಅದಕ್ಕೂ ಇದಕ್ಕೂ ಏನು ಸಂಬಂಧ?"

"ಅವನ ಕರುಳಲ್ಲಿ ಇದ್ದ ಜಾತಿ ಹುಳದ ಮರಿಗಳೇ ಈಗ ನಿಮ್ಮ ಚರ್ಮದೊಳಗೆ ಓಡಾಡ್ತಿವೆ. ಡಾಕ್ಟರಮ್ಮನಿಗೆ ಫೋನ್ ಮಾಡ್ಲಾ? ಎಲ್ಲರೂ ಕೇಳಲಿ."

ಬಾವ ಬೆವರಿದ. ಕೆರೆದುಕೊಂಡ. ಮತ್ತೆ ಕೆರೆದುಕೊಂಡ. "ಹುಳ... ನಮ್ಮ ಅಂಗಳದ್ದೇ ಇರ್ಬೇಕು," ಅಂದ ತಟ್ಟೆ ನೋಡುತ್ತ.

"ಜೋರಾಗಿ ಹೇಳಿ. ಚಿಕ್ಕಮ್ಮಂಗೆ ಕಿವಿ ಮಂದ."

"ನಮ್ಮ ಅಂಗಳದ ಹುಳದಿಂದ ಸತ್ತಿದ್ದು. ಇವಳ ತಪ್ಪಿಲ್ಲ."

ಮಾಡಿದ್ದುಣ್ಣೋ ಮಹರಾಯ. ಆ ಕ್ಷಣ ನಾನು ಪಟ್ಟ ಸುಖವನ್ನು ಮುಚ್ಚಿಡುವುದಿಲ್ಲ. ಗೆದ್ದವಳ ಗತ್ತಿನಲ್ಲಿ ಹೇಳಿದೆ. "ನೀವು ಚರ್ಮದ ಡಾಕ್ಟರ ಹತ್ರ ಹೋಗಿ, ನುಂಗೋಕೆ ಮಾತ್ರೆ ಕೊಡ್ತಾರೆ. ತಾಯಿ ನಾಯಿಗೂ ಮರಿಗಳಿಗೂ ಡಾಕ್ಟರಮ್ಮನ ಹತ್ರ ಔಷಧಿ ಹಾಕ್ಸಿ. ಒಂದೇ ಸಲಕ್ಕೆ ಮುಗಿಯಲ್ಲ, ಎರಡೆರಡು ವಾರಕ್ಕೊಮ್ಮೆ. ನೀರು ಹೊಡಿಯೋದು ನಿಲ್ಸಿ, ಕೊಂಬೆ ಕಡಿದು ಬಿಸಿಲು ಬೀಳೋ ಹಾಗೆ ಮಾಡಿ, ಹೇಲು ಬಿದ್ದ ಕೂಡ್ಲೇ ಎತ್ತಿ." ಚಿಕ್ಕಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

ಆಗ ಅಡುಗೆಮನೆ ಬಾಗಿಲಲ್ಲಿದ್ದ ಅಕ್ಕ ಅಲ್ಲೇ ಸ್ಟೂಲಿನ ಮೇಲೆ ಕೂತು ಕಾಲುಚೀಲ ಕಳಚಿದಳು. ಎರಡೂ ಪಾದಗಳ ತುಂಬ ಗೆರೆಗಳು. ಕೆರೆದು ಕೆರೆದು ಚರ್ಮ ಕಿತ್ತು, ರಕ್ತ ಚೀಲಕ್ಕೆ ಅಂಟಿಕೊಂಡಿತ್ತು. ನಾಯಿಗಳಿಗೆ ಅನ್ನ ಹಾಕುವವಳು, ಆ ಅಂಗಳದಲ್ಲಿ ಬಟ್ಟೆ ಒಣಹಾಕುವವಳು ಅವಳೇ. ಬರಿಗಾಲಲ್ಲಿ.

"ನಿಂಗೆ ಯಾವಾಗ ಗೊತ್ತಾಯ್ತು?" ಅಂತ ಕೇಳಿದಳು.

"ಪ್ಯಾಂಟಿನ ಅಳತೆ ತಗೊಂಡಾಗ."

ಅಕ್ಕ ಬಾವನ ಕಡೆ ನೋಡಿದಳು. "ಅದಕ್ಕೇನಾ ಇವರನ್ನ ಅಷ್ಟು ಸಲ ಕರೆಸಿದ್ದು?"

ಅಕ್ಕ ಕಾಲುಚೀಲವನ್ನು ಕೈಯಲ್ಲೇ ಹಿಡಿದುಕೊಂಡು ಬಾಗಿಲಿಗೆ ಹೋಗಿ, ನೋವಿಗೆ ತುಟಿ ಕಚ್ಚುತ್ತ ಚಪ್ಪಲಿ ಮೆಟ್ಟಿಕೊಂಡಳು. ಅವಳಿನ್ನೂ ಊಟಕ್ಕೆ ಕೂತಿರಲಿಲ್ಲ.