ಹನ್ನೆರಡನೆಯ ಒಪ್ಪಿಗೆ

"ಆಗಕ್ಕಿಲ್ಲ ಅಂತ ಮೆಸೇಜ್ ಆಕಿದ್ನಲ್ಲ, ಮತ್ಯಾಕೆ ಬಸ್ಸತ್ಕೊಂಡು ಬಂದ್ರಿ?" ಚಲುವರಾಜು ಝೆರಾಕ್ಸ್ ಯಂತ್ರದಿಂದ ತಲೆ ಎತ್ತದೆ ಕೇಳಿದ.

ಅರುಂಧತಿಗೆ ಮುಖಕ್ಕೆ ಹೊಡೆದಂತಾಯಿತು. ಭಾರತೀನಗರದ ಕಾಲೇಜಿನಲ್ಲಿ ಪಾಠ ಹೇಳುವವಳು, ಒಂದು ದಿನ ರಜೆ ಹಾಕಿ ಹಲಗೂರಿನ ಈ ಅಂಗಡಿ ಹುಡುಕಿಕೊಂಡು ಬಂದಿದ್ದಳು. ಬರೆದ ಕನ್ನಡವನ್ನು ಮಂಡ್ಯದವರ ಮಾತಿನಲ್ಲಿ ಓದಿ ಹೇಳುವ ಸಾಫ್ಟ್‌ವೇರ್ ಒಂದನ್ನು ಅವಳು ಶುರುಮಾಡಿ ಆರು ವರ್ಷ. ಅವಳೂ ಸೇರಿ ಹನ್ನೆರಡು ಜನ, ಒಬ್ಬರ ಹೊಲಕ್ಕೊಬ್ಬರು ಮುಯ್ಯಾಳಿಗೆ ಬಂದವರ ಹಾಗೆ, ಬಿಟ್ಟಿ ದುಡಿದು ಕಟ್ಟಿದ್ದು. ಅದರೊಳಗಿನ ದನಿ ಚಲುವರಾಜುವಿನದು. ಈಗ ಅದರ ಲೈಸೆನ್ಸ್, ಅಂದರೆ ಬಳಸುವವರಿಗೆ ಹಾಕಿದ ಷರತ್ತು, ಬದಲಿಸಬೇಕಾದರೆ ಹನ್ನೆರಡೂ ಜನ ಒಪ್ಪಬೇಕು. ಹನ್ನೊಂದು ಒಪ್ಪಿಗೆ ಸಿಕ್ಕಿತ್ತು. ಇವನೊಬ್ಬ ಕಲ್ಲುಕಂಬದ ಹಾಗೆ ನಿಂತಿದ್ದ.

"ಈಗಿನ ಲೈಸೆನ್ಸಲ್ಲಿ ನಮ್ಮದಕ್ಕೆ ಯಾರು ಏನು ಜೋಡಿಸಿದ್ರೂ ಅದನ್ನೂ ಎಲ್ರಿಗೂ ಬಿಚ್ಚಿಡಬೇಕು," ಅಂದಳು. "ಮೈಸೂರಿನ ಒಂದು ಸಣ್ಣ ಕಂಪನಿ, ದನಿ ಕಳ್ಕೊಂಡೋರಿಗೆ ಮಾತಾಡೋ ಯಂತ್ರ ಮಾಡ್ತಿದೆ. ತಮ್ಮ ಕೆಲಸ ಬಿಚ್ಚಿಟ್ರೆ ದೊಡ್ಡೋರು ನಕಲು ಮಾಡಿ ಮುಳುಗಿಸ್ತಾರೆ ಅನ್ನೋ ಭಯ ಅವರಿಗೆ."

"ಓ. ಊರೋರು ತೋಡಿದ ಬಾವಿಗೆ ಅವ್ರು ಬೀಗ ಆಕ್ಕೊಳ್ಳಾದಾ?"

"ಬಾವಿ ಬಯಲಲ್ಲೇ ಇರುತ್ತೆ. ನಮ್ಮದನ್ನ ತಿದ್ದಿದ್ರೆ, ತಿದ್ದಿದ್ದನ್ನ ಎಲ್ರಿಗೂ ಕೊಡ್ಲೇಬೇಕು. ಪಕ್ಕದಲ್ಲಿ ಜೋಡಿಸಿಕೊಂಡಿದ್ದು ಮಾತ್ರ ಅವರದು."

ಮೂಲೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅವನ ತಾಯಿ ದೇವಿರಮ್ಮ, "ಆಲಿಗೆ ಎಪ್ಪು ಕೊಟ್ಟೋರು ಬೆಣ್ಣೆ ಕೇಳಕ್ಕೋದಾರೇನ್ಲಾ? ಬುಡು ಅತ್ಲಾಗೆ," ಅಂದಳು.

"ನೀ ಸುಮ್ಕಿರವ್ವ." ಚಲುವರಾಜು ಅರುಂಧತಿಯತ್ತ ತಿರುಗಿದ. "ಅವ್ರ ಕಂಪ್ನಿಗೆ ನೀವ್ಯಾಕೆ ಇಂಗೆ ಅಲೀತಿದ್ದೀರಿ?"

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ದಾಕ್ಷಿಣ್ಯಕ್ಕೆ ಬಿದ್ದು ಯಾರೂ ಒಪ್ಪಬಾರದು ಎಂಬ ಹಟ. ಕಡೆಗೆ ಹಟ ಬಿಟ್ಟು ಹೇಳಿದಳು. ಗಂಟಲ ಆಪರೇಷನ್ ಆದಮೇಲೆ ಅಪ್ಪ ಸಿದ್ದರಾಮು ಮಾತಾಡಿ ವರ್ಷವಾಯಿತು. ಮನೆಗೆ ಯಾರಾದರೂ ಬಂದರೆ ಎದ್ದು ಹಿತ್ತಲಿಗೆ ಹೋಗಿಬಿಡುತ್ತಾರೆ. ಆ ಯಂತ್ರಕ್ಕೆ ಅವರ ಹೆಸರನ್ನೂ ಬರೆಸಿದ್ದಾಗಿದೆ.

ಚಲುವರಾಜುಗೆ ರೇಗಿತು. "ಇದ್ನ ಮೊದ್ಲೇ ಯೋಳಕ್ಕೇನಾಗಿತ್ತು? ಲೈಸೆನ್ಸು ಲೈಸೆನ್ಸು ಅಂತ ಮಾರುದ್ದ ಬರ್ದಿದ್ದೀರಿ, ಅಪ್ಪನ ಇಸ್ಯ ಒಂದ್ ಸಾಲಿಲ್ಲ." ಗೊಣಗುತ್ತಲೇ ಲ್ಯಾಪ್‌ಟಾಪ್ ಎಳೆದುಕೊಂಡು 'ಒಪ್ಪಿಗೆ' ಎಂದು ಬರೆದ. ಮಂಡ್ಯ ಸೀಮೆಯವರೇ ಹಾಗೆ. ಕೊಡುವಾಗಲೂ ಬೈದೇ ಕೊಡುತ್ತಾರೆ. ಅರುಂಧತಿಯ ಕಣ್ಣು ತುಂಬಿತು. ಈ ಒರಟನ ಋಣವನ್ನು ಹೇಗಪ್ಪಾ ತೀರಿಸುವುದು ಅನ್ನಿಸಿತು. ದೇವಿರಮ್ಮ ಕೇಳದೆಯೇ ಒಂದು ಕವರಿಗೆ ಅವರೆಕಾಳು ತುಂಬಿಕೊಟ್ಟಳು.

ಮೂರು ತಿಂಗಳಿಗೆ ಯಂತ್ರ ಬಂತು. ಅಪ್ಪ ಎರಡು ದಿನ ಅದನ್ನು ಮುಟ್ಟಲಿಲ್ಲ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ತಾವೇ ಸನ್ನೆ ಮಾಡಿ ಚಲುವರಾಜುಗೆ ಫೋನು ಮಾಡಿಸಿದರು. ಒಂದೊಂದೇ ಅಕ್ಷರ ಒತ್ತಿದರು. ಯಂತ್ರ ಚಲುವರಾಜುವಿನ ದನಿಯಲ್ಲೇ ಕೇಳಿತು:

"ಉಂಡ್ಯೇನಪ್ಪ, ಚಲುವ್ರಾಜು?"

ಆ ಕಡೆ ಝೆರಾಕ್ಸ್ ಯಂತ್ರದ ಸದ್ದು ನಿಂತಿತು. ಬಸ್ಸಿನ ಹಾರನ್ನು ಮಾತ್ರ ಕೇಳುತ್ತಿತ್ತು.

"ಊಂ ಕಣಣ್ಣ, ಈಗ ಉಂಡೆ," ಅಂದ ಚಲುವರಾಜು. "ನಿಮ್ದಾಯ್ತಾ?"

ಅಪ್ಪ ಮತ್ತೆ ಯಂತ್ರದ ಮೇಲೆ ಬಗ್ಗಿ ಒತ್ತತೊಡಗಿದರು. ಉತ್ತರ ಉದ್ದವಿತ್ತು. ಚಲುವರಾಜು ಫೋನು ಇಡದೆ ಕಾಯುತ್ತಿದ್ದ.