ಮಣ್ಣು ಮುಟ್ಟದ ಅಂಗಿ

ಸಮುದ್ರದ ದಂಡೆಯ ಒಂದು ಊರಲ್ಲಿ ಒಬ್ಬ ಗಂಡ, ಒಬ್ಬಳು ಹೆಂಡತಿ ಇದ್ದರಂತೆ. ಗಂಡ ಮಣ್ಣಿನ ಕೆಳಗೆ, ಹೆಂಡತಿ ಮಣ್ಣಿನ ಮೇಲೆ. ಆ ಊರಲ್ಲಿ ಸತ್ತವರಿಗೆ ಮಣ್ಣು ಸಿಗುತ್ತಿದ್ದದ್ದು ಬಾಡಿಗೆಗೆ. ಹತ್ತು ವರ್ಷ ಕಳೆದ ಮೇಲೆ ಮನೆಯವರು ಬಂದು ಎಬ್ಬಿಸಿ, ಎಲುಬು ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಗೋಡೆಯ ಗೂಡಿನಲ್ಲಿ ಇಡಬೇಕು. ಸತ್ತವನಿಗೆ ನಿದ್ದೆ ಹತ್ತುವುದು ಆಮೇಲೆಯೇ. ಆದರೆ ಈ ಗಂಡನ ಮೈಮೇಲೆ ಒಂದು ಹೊಳೆಯುವ ಅಂಗಿ ಇತ್ತು. ಅದರ ಹೊಳಪಿಗೆ ಹೆದರಿ ಮಣ್ಣು ಅವನನ್ನು ಮುಟ್ಟುತ್ತಲೇ ಇರಲಿಲ್ಲ. ಮೇಲೆ ಹೆಂಡತಿ ಕಾಯುತ್ತಲೇ ಇದ್ದಳು.

ಅಜ್ಜಿ ನುನ್ಸಿಯಾ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ದೀಪ ಆರಿಸುತ್ತಿದ್ದಳು. ಮುಂದೇನಾಯಿತು ಎಂದು ಕೇಳಿದರೆ, "ಮುಂದಿಂದು ಇನ್ನೂ ಆಗಿಲ್ಲ, ಮಲಕ್ಕೋ" ಎನ್ನುತ್ತಿದ್ದಳು.

ಇಪ್ಪತ್ತೊಂದು ವರ್ಷದ ಎರ್ಸಿಲಿಯಾ ಈಗ ನಾಪೊಲಿಯ ಗುಡ್ಡದ ಮೇಲಿನ ಸ್ಮಶಾನದ ಕಚೇರಿಯಲ್ಲಿ, ಅಜ್ಜಿಯ ಮದುವೆಯ ನಾರುಬಟ್ಟೆಯ ಹಾಸು ಇದ್ದ ಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಗಂಡ ಸತ್ತ ಮೇಲೆ ಈ ಊರು ಬಿಟ್ಟು ದೂರದ ತೊರಿನೊದಲ್ಲಿ ಮಕ್ಕಳ ಜೊತೆ ಇದ್ದ ಅಜ್ಜಿ ಕಳೆದ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಕೊನೆಯ ವಾರ ಮೊಮ್ಮಗಳ ಕೈ ಹಿಡಿದು ಒಂದೇ ಮಾತು ತೆಗೆದುಕೊಂಡಿದ್ದಳು: ಅಜ್ಜನನ್ನು ನಿನ್ನ ಕೈಯಾರೆ ತೊಳೆದು ಮೇಲೆ ಇಡಬೇಕು. ಎರಡು ವರ್ಷದ ಹಿಂದೆ ಇದೇ ಕೆಲಸಕ್ಕೆಂದು ಒಬ್ಬನೇ ಬಂದಿದ್ದ ಚಿಕ್ಕಪ್ಪ ದೊನಾತೊ, ಕಚೇರಿಯವರ ಮುಷ್ಕರ ಎಂದು ಹೇಳಿ ಬರಿಗೈಲಿ ತೊರಿನೊಗೆ ಮರಳಿದ್ದ. ಈ ಸಲ ಎರ್ಸಿಲಿಯಾ ಹಟ ಹಿಡಿದು ಅವನ ಜೊತೆ ಹೊರಟಿದ್ದಳು. ಹಾಲುಗೂಸಾಗಿದ್ದಾಗ ಒಮ್ಮೆ ಬಂದದ್ದು ಬಿಟ್ಟರೆ ಅವಳು ಈ ಊರು ನೋಡಿರಲಿಲ್ಲ.

"ಮಳೆ," ಎಂದಳು ಕಿಟಕಿಯೊಳಗಿನ ಹೆಂಗಸು. "ಒದ್ದೆ ಮಣ್ಣು ಬಗೆಯೋ ಹಾಗಿಲ್ಲ. ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ. ಯಾರೂ ಬರ್ಲಿಲ್ಲ ಅಂದ್ರೆ ದಿಕ್ಕಿಲ್ಲದೋರ ಎಲುಬೆಲ್ಲ ಸುರಿಯೋ ದೊಡ್ಡ ಬಾವಿಗೆ ಹಾಕ್ತೀವಿ. ಆಮೇಲೆ ಬಂದು ನಮ್ಮಜ್ಜ ಎಲ್ಲಿ ಅಂತ ನನ್ನ ಕೇಳ್ಬಾರ್ದು."

ಅಂದು ಮಂಗಳವಾರ. ಹೊರಗೆ ಬರುವಾಗ, ಗೇಟಿನ ಮಾಡಿನಡಿ ಗುದ್ದಲಿ ಒರೆಸುತ್ತ ಕೂತಿದ್ದ ಮುದುಕ ತಲೆಯೆತ್ತಿದ. ಗುಂಡಿ ತೋಡುವ ಸಬಾತೀನೊ. "ಓ, ಸೂಟಿನವ್ರು," ಎಂದ. "ಬಂದ್ರಾ ಅಂತೂ."

ದೊನಾತೊ ಕೇಳಿಸದವನಂತೆ ಅವಳ ಮೊಣಕೈ ಹಿಡಿದು ಬಿರಬಿರನೆ ಇಳಿದ. "ಯಾರು ಚಿಕ್ಕಪ್ಪ ಅವನು?" ಎಂದಳು ಎರ್ಸಿಲಿಯಾ.

"ಕುಡುಕ. ಸತ್ತೋರ ಜೊತೆ ಇದ್ದೂ ಇದ್ದೂ ಬದುಕಿರೋರ ಜೊತೆ ಮಾತಾಡೋದು ಮರೆತಿದ್ದಾನೆ. ಬಾ, ಮೂರು ದಿನ ಸಿಕ್ಕಿದೆ, ನಿನಗೆ ಊರು ತೋರಿಸ್ತೀನಿ. ನಿಮ್ಮಜ್ಜ ಎಲ್ಲಿಗೂ ಓಡಿಹೋಗಲ್ಲ."

ದೊನಾತೊ ತೊರಿನೊದಲ್ಲಿ ಟ್ರಾಮ್ ಓಡಿಸುವವನು. ಇನ್ನೊಬ್ಬ ಓಡಿಸುವ ಗಾಡಿಗೆ ದುಡ್ಡು ಕೊಟ್ಟು ಕೂರುವುದು ಅವನ ಮರ್ಯಾದೆಗೆ ಕಡಿಮೆ. ಹಾಗಾಗಿ ಎಲ್ಲೆಲ್ಲಿಗೂ ನಡಿಗೆ. ಇಳಿದುಕೊಂಡಿದ್ದು ಒಬ್ಬ ವಿಧವೆಯ ಮನೆಯ ನಾಲ್ಕನೇ ಮಹಡಿಯಲ್ಲಿ. ಒಗೆದ ಬಟ್ಟೆ ಅಲ್ಲಿ ವಾರವಾದರೂ ಒಣಗುತ್ತಿರಲಿಲ್ಲ. ಮೊದಲ ಮಧ್ಯಾಹ್ನ ಅವರು ಪಿಜ್ಜಾವನ್ನು ನಾಲ್ಕು ಮಡಿಕೆ ಮಾಡಿ ಸೂರಿನ ಕೆಳಗೆ ನಿಂತು ತಿಂದರು. ಎಣ್ಣೆ ಮುಂಗೈಯಿಂದ ಮೊಣಕೈಗೆ ಇಳಿಯಿತು. "ಕೂತು ತಿಂದ್ರೆ ಕುರ್ಚಿಗೂ ಬಾಡಿಗೆ ಹಾಕ್ತಾರೆ ಈ ಊರಲ್ಲಿ," ಎಂದ ದೊನಾತೊ. ನಕ್ಕಿದ್ದು ಅವನೊಬ್ಬನೇ.

ಬುಧವಾರ ಚರ್ಚುಗಳನ್ನು ಸುತ್ತಿದರು. ಚರ್ಚಿಗೆ ಟಿಕೆಟಿಲ್ಲ, ಮೇಲೆ ಮಳೆಯೂ ಬೀಳುವುದಿಲ್ಲ. ಒಂದರಲ್ಲಿ ಹುಡುಗಿಯೊಬ್ಬಳ ಮದುವೆ, ಪಕ್ಕದ್ದರಲ್ಲಿ ಹೆಣದ ಪೆಟ್ಟಿಗೆ. ಎರಡರಲ್ಲೂ ಒಂದೇ ಬಗೆಯ ಬಿಳಿ ಹೂವು. ಸಮುದ್ರದ ದಂಡೆಗೆ ಬಂದಾಗ ಅವನು ಮೋಡದತ್ತ ಕೈ ತೋರಿಸಿ, "ಅಲ್ಲಿ ಬೆಂಕಿಯ ಬೆಟ್ಟ ಇದೆ, ನಂಬು," ಎಂದ. ಮೆಣಸು ಹಾಕಿದ ಬಳೆಯಾಕಾರದ ಗಟ್ಟಿ ರೊಟ್ಟಿ ಕಡಿದ, ಸಿಹಿ ಪದರದ ಕಡುಬು ಮುಗಿಸಿದ, ಉಪ್ಪುನೀರಿನಲ್ಲಿ ನೆನೆಸಿದ ಕಾಳು ಜೇಬಿಗೆ ತುಂಬಿಕೊಂಡು ಸಿಪ್ಪೆ ಉಗಿಯುತ್ತ ನಡೆದ. ಒಂದು ತಿಂಡಿ ಗಂಟಲಿಗೆ ಇಳಿಯುವ ಮೊದಲೇ ಇನ್ನೊಂದನ್ನು ಹುಡುಕುತ್ತಿದ್ದ. ಬಾಯಿ ಖಾಲಿಯಾದರೆ ಬೇರೇನಾದರೂ ಹೊರಬಿದ್ದೀತು ಎಂದು ಹೆದರಿದವನಂತೆ ಎರ್ಸಿಲಿಯಾಗೆ ಕಂಡ. ಅಜ್ಜ ಮೀನಿನ ಬುಟ್ಟಿ ಹೊರುತ್ತಿದ್ದ ಬಂದರು ತೋರಿಸಿ ಎಂದು ಎರಡು ಸಲ ಕೇಳಿದಳು. ಎರಡು ಸಲವೂ ಅವನು ಬೇರೆ ಗಲ್ಲಿಗೆ ತಿರುಗಿದ.

ಗುರುವಾರ ಮಳೆ ಜೋರಾಯಿತು. ದೊನಾತೊ ತನ್ನ ಕೋಟು ಬಿಚ್ಚಿ ಅವಳ ಹೆಗಲಿಗೆ ಹೊದಿಸಿ, ಒಂದು ಗಾಡಿಯ ಮುಂದೆ ನಿಂತ. ಗಾಡಿಯವನು ಬೇಯಿಸಿದ ಹಂದಿಗಾಲು, ಕರುವಿನ ಮೂತಿಯನ್ನು ಕಲ್ಲಿನ ಮೇಲೆ ಹೆಚ್ಚಿ, ನಿಂಬೆ ಹಿಂಡಿ, ತೂತು ಕೊರೆದ ದನದ ಕೊಂಬಿನಿಂದ ಉಪ್ಪು ಉದುರಿಸುತ್ತಿದ್ದ. ಬೆಳ್ಳಗೆ, ತಣ್ಣಗೆ, ನೆತ್ತರಿಲ್ಲದ ಮಾಂಸ. ಎರ್ಸಿಲಿಯಾ ಮುಖ ತಿರುಗಿಸಿದಳು. ಕರವಸ್ತ್ರ ಇದ್ದೀತೆಂದು ಕೋಟಿನ ಜೇಬಿಗೆ ಕೈ ಹಾಕಿದರೆ ಮಡಿಚಿದ ಕಾಗದವೊಂದು ಸಿಕ್ಕಿತು. ಸ್ಮಶಾನದ ಮುದ್ರೆ. ಮೃತರ ಅಸ್ಥಿಯನ್ನು ಸಾಮೂಹಿಕ ಬಾವಿಗೆ ಹಾಕಲು ಕುಟುಂಬದ ಒಪ್ಪಿಗೆ ಇದೆ. ಅಜ್ಜನ ಹೆಸರು ಅನಿಯೆಲ್ಲೊ, ಸತ್ತ ದಿನ, ಸಾಲಿನ ಸಂಖ್ಯೆ, ಎಲ್ಲವೂ ಚಿಕ್ಕಪ್ಪನ ದುಂಡು ಅಕ್ಷರದಲ್ಲಿ. ರುಜುವಿನ ಜಾಗ ಮಾತ್ರ ಖಾಲಿ.

"ಇದೇನು ಚಿಕ್ಕಪ್ಪ?"

ದೊನಾತೊ ಕಾಗದ ನೋಡಿದ. ಆಮೇಲೆ ಕೈಯಲ್ಲಿದ್ದ ತಟ್ಟೆ ನೋಡಿದ. "ಮೊದಲು ಒಂದು ತುಂಡು ತಿನ್ನು."

"ಏನು ಅಂತ ಕೇಳ್ದೆ."

"ನಿನಗೋಸ್ಕರ ಕಣೇ. ನೀನು ಅದನ್ನೆಲ್ಲ ನೋಡ್ಬಾರ್ದು ಅಂತ." ಅವನು ತಟ್ಟೆಯನ್ನು ಗಾಡಿಯ ಅಂಚಿಗೆ ಇಟ್ಟ. "ಮುಷ್ಕರ ಇರ್ಲಿಲ್ಲ ಆವಾಗ. ತೆಗೆದ್ರು. ಮುಚ್ಚಳ ಎತ್ತಿದ್ರೆ ಅಪ್ಪ ಹಾಗೇ ಇದ್ದ. ಹಾಗೇ ಅಂದ್ರೆ... ಮುಖದ ಮಾತು ಬೇಡ. ಸೂಟು ಮಾತ್ರ ಅಂಗಡಿಯಿಂದ ತಂದ ದಿನ ಇದ್ದ ಹಾಗೇ. ಆ ಮುದುಕ ಅಂದ, ಯಾವ ಪುಣ್ಯಾತ್ಮ ಇವರಿಗೆ ನೈಲಾನ್ ಹಾಕಿದ್ದು, ಮಣ್ಣು ನೈಲಾನ್ ತಿನ್ನಲ್ಲ ಅಂತ ಗೊತ್ತಿಲ್ವಾ ಅಂತ. ಮತ್ತೆ ಮುಚ್ಚಿದ್ರು. ಎರಡು ವರ್ಷ ಬಿಟ್ಟು ಬನ್ನಿ ಅಂದ್ರು."

ಆ ಪುಣ್ಯಾತ್ಮ ಯಾರೆಂದು ಅವನೇ ಹೇಳಿದ.

"ಅಮ್ಮ ಉಣ್ಣೆದೇ ತಾ ಅಂತ ಸಾರಿ ಸಾರಿ ಹೇಳಿದ್ಳು. ಉಣ್ಣೆದು ಮಂಕಾಗಿತ್ತು, ಯಾವನೋ ಗುಮಾಸ್ತನ ಸೂಟಿನ ಹಾಗೆ. ಇದು ಅಂಗಡಿ ಗಾಜಿನ ಹಿಂದೆ ಮಿಂಚ್ತಾ ಇತ್ತು. ಇದ್ದಷ್ಟು ದಿನ ಮೀನಿನ ವಾಸನೆ ಹೊತ್ಕೊಂಡು ಬಂದೋನು, ಒಂದು ದಿನ ಮಿಂಚ್ಲಿ ಅನ್ನಿಸ್ತು. ಉಣ್ಣೇನೇ ಅಂತ ಸುಳ್ಳು ಹೇಳ್ದೆ." ಅವನು ಬಾಯಿ ಒರೆಸಿಕೊಂಡ. "ನಾಳೆ ತೆಗೆದಾಗ್ಲೂ ಹಾಗೇ ಇದ್ರೆ? ನನ್ನ ಕೈಲಾಗಲ್ಲ ಎರ್ಸಿಲಿಯಾ. ಬಾವಿಗೆ ಹಾಕ್ಬಿಡ್ಲಿ. ಅಮ್ಮನೂ ಇಲ್ಲ ಈಗ. ಕೇಳೋರು ಯಾರಿದ್ದಾರೆ?"

"ನಾನಿದ್ದೀನಿ." ಅವಳು ಕಾಗದವನ್ನು ತನ್ನ ಚೀಲದೊಳಗೆ, ಹಾಸಿನ ಅಡಿಗೆ ತುರುಕಿದಳು. "ನಾಳೆ ನಾನೊಬ್ಳೇ ಒಳಗೆ ಹೋಗ್ತೀನಿ. ನೀವು ಗೇಟಲ್ಲಿ ನಿಂತು ಏನಾದ್ರೂ ತಿಂತಾ ಇರಿ."

ಚುಚ್ಚಬೇಕೆಂದೇ ಆಡಿದ ಮಾತು. ಚುಚ್ಚಿತು. ಅವನು ಅರ್ಧ ತಿಂದ ತಟ್ಟೆಯನ್ನು ಅಲ್ಲೇ ಬಿಟ್ಟು ಮಳೆಯಲ್ಲಿ ನಡೆದ.

ನಾಲ್ಕು ಮಹಡಿ ಹತ್ತುವಾಗ ಅವಳಿಗೆ ಅಜ್ಜಿಯ ಕಥೆ ನೆನಪಾಯಿತು. ಹೊಳೆಯುವ ಅಂಗಿ. ಇಷ್ಟು ವರ್ಷ ಅದು ಯಾವುದೋ ರಾಜನ ಜರತಾರಿ ಎಂದುಕೊಂಡಿದ್ದಳು. ಅಜ್ಜಿ ಮೂವತ್ತು ವರ್ಷ ಊರವರ ಬಟ್ಟೆ ಹೊಲಿದವಳು. ಪೆಟ್ಟಿಗೆ ಮುಚ್ಚುವ ಮೊದಲು ಗಂಡನ ತೋಳು ಸವರಿರುತ್ತಾಳೆ, ಬೆರಳಿಗೆ ಗೊತ್ತಾಗಿರುತ್ತದೆ. ಮಗನನ್ನು ಒಂದು ಮಾತು ಅನ್ನದೆ, ಎಲ್ಲವನ್ನೂ ಮೊಮ್ಮಗಳ ಕಿವಿಗೆ ಕಥೆ ಮಾಡಿ ಸುರಿದಿದ್ದಳು.

ಶುಕ್ರವಾರ ಬಿಸಿಲು ಬಂತು. ದೊನಾತೊ ಮೊದಲ ಸಲ ಬಸ್ಸಿನ ಟಿಕೆಟ್ ತೆಗೆದ. ಅವನ ಕೈಯಲ್ಲಿ ಕರಿದ ಹಿಟ್ಟಿನುಂಡೆಯ ಪೊಟ್ಟಣ, ಕಾಗದವೆಲ್ಲ ಎಣ್ಣೆ. ಗುಡ್ಡ ಹತ್ತುವಾಗ ಎರ್ಸಿಲಿಯಾ ಕಿಟಕಿಯ ಕಡೆಗೇ ನೋಡುತ್ತ, "ಅಜ್ಜಿ ನನಗೊಂದು ಕಥೆ ಹೇಳ್ತಿದ್ಲು," ಎಂದಳು. ಕಥೆಯನ್ನು ಹೇಳಿದಳು. ಹೊಳೆಯುವ ಅಂಗಿಯ ಮಾತು ಬಂದಾಗ ಅವನು ಅಗಿಯುವುದನ್ನು ನಿಲ್ಲಿಸಿದ.

"ಅಮ್ಮನಿಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಆ ಅಂಗಿ ಯಾರು ತಂದಿದ್ದು ಅಂತಿದ್ಲು?"

ಅಜ್ಜಿಯ ಕಥೆಯಲ್ಲಿ ಮಗನಿರಲಿಲ್ಲ. "ಕಿರಿ ಮಗ," ಎಂದಳು ಎರ್ಸಿಲಿಯಾ. "ಅಪ್ಪ ಅಂದ್ರೆ ಪ್ರಾಣ ಅವನಿಗೆ ಅಂತಿದ್ಲು."

ಅವನು ಪೊಟ್ಟಣದ ಬಾಯಿ ಮಡಚಿದ, ಮತ್ತೆ ಬಿಚ್ಚಲಿಲ್ಲ.

"ಬನ್ನಿ ಸೂಟಿನವ್ರೇ," ಎಂದ ಗುಂಡಿಯ ಬಳಿ ಕಾಯುತ್ತಿದ್ದ ಸಬಾತೀನೊ. ದೊನಾತೊ ಹತ್ತು ಹೆಜ್ಜೆ ದೂರದ ಮರದಡಿ ನಿಂತುಬಿಟ್ಟ. ಮಣ್ಣು ಇನ್ನೂ ತೇವ. ಗುದ್ದಲಿಗೆ ಅಂಟಿ ಅಂಟಿ ಬಂತು. ಹಲಗೆ ಕಂಡಾಗ ಮುದುಕ ಎರ್ಸಿಲಿಯಾಗೆ ಕಾಣದಂತೆ ಬೆನ್ನು ಅಡ್ಡ ಹಿಡಿದು ಮುಚ್ಚಳ ಎತ್ತಿದ. ಅವಳು ಹಾಸಿನ ಅಂಚನ್ನು ಮುಷ್ಟಿಯಲ್ಲಿ ಹಿಂಡಿಕೊಂಡು ನಿಂತಳು. ಅವನು ಬಗ್ಗಿ ನೋಡಿದ, ಕೈಯಿಳಿಸಿ ಮುಟ್ಟಿ ನೋಡಿದ.

"ಬರೀ ಎಲುಬಾಗಿದೆ ಮಗೂ. ಹೋದ ಸಲ ಮುಚ್ಚೋ ಮುಂಚೆ ನಾನೇ ಸೂಟಿನ ಬೆನ್ನು ಸೀಳಿ ಗಾಳಿಗೆ ದಾರಿ ಮಾಡಿದ್ದೆ. ಮಣ್ಣು ಅಲ್ಲಿಂದ ನುಗ್ಗಿದೆ." ಕತ್ತರಿ ಆಡಿಸಿ ಬಟ್ಟೆ ಎಳೆದು ದಿಬ್ಬದ ಮೇಲೆ ಎಸೆದ. "ಸೂಟು ನೋಡು. ನನ್ನ ಮಗಳ ಮದುವೆಗೆ ಹಾಕ್ಕೋಬಹುದು."

ದಿಬ್ಬದ ಮೇಲೆ ಅದು ಬಿಸಿಲಿಗೆ ಮಿಂಚಿತು.

ಅವನು ಒಂದೊಂದಾಗಿ ಎತ್ತಿಕೊಟ್ಟ. ಅವಳು ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ಹಾಸಿನ ಮೇಲಿಟ್ಟಳು. ಕೆಲವನ್ನು ಅವನು ಕೊಡಲಿಲ್ಲ. "ಇದು ನನಗಿರ್ಲಿ, ನೀನು ಅಜ್ಜನ ಕೈಯೆಲುಬು ತೊಳಿ," ಎಂದು ಬೆನ್ನು ತಿರುಗಿಸಿ ಬ್ರಷ್ಷಿನಿಂದ ಉಜ್ಜಿದ. ಆ ವಾಸನೆಗೆ ಅವಳು ಒಮ್ಮೆ ಎದ್ದುಹೋಗಿ ಗೋಡೆ ಹಿಡಿದು ನಿಂತಳು, ಮತ್ತೆ ಬಂದು ಕೂತಳು. ಬೆರಳಿನ ಎಲುಬುಗಳು ಕವಡೆಯಷ್ಟೇ ಹಗುರ. ಭುಜದ ಎಲುಬುಗಳಲ್ಲಿ ಒಂದು ಇನ್ನೊಂದಕ್ಕಿಂತ ದಪ್ಪ. ಅವಳು ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದಳು.

"ಬುಟ್ಟಿ ಬಲಗಡೆ ಹೊರ್ತಿದ್ದ," ಎಂದಿತು ಹಿಂದಿನಿಂದ ದನಿ.

ದೊನಾತೊ ಯಾವಾಗ ಬಂದನೋ. ಅವಳು ಹಾಸಿನ ನಾಲ್ಕು ಮೂಲೆ ಕೂಡಿಸಿ, ಅಜ್ಜಿ ಕಸೂತಿ ಹಾಕಿದ್ದ ಇಬ್ಬರ ಹೆಸರಿನ ಮೊದಲಕ್ಷರ ಮೇಲೆ ಬರುವಂತೆ ಗಂಟು ಕಟ್ಟಿದಳು. ಅವನು ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಮತ್ತೆ ಒರೆಸಿದ, ಒಂದೊಂದೇ ಬೆರಳನ್ನು, ಉಗುರಿನ ಸಂದಿಯನ್ನೂ. ಆಮೇಲೆ ಬಗ್ಗಿ ಗಂಟಿನ ಇನ್ನೊಂದು ತುದಿಗೆ ಕೈ ಹಾಕಿದ.

ಇಬ್ಬರೂ ಸೇರಿ ಎತ್ತಿ ಗೂಡಿನೊಳಗೆ ತಳ್ಳಿದರು. ಬಿಳಿ ಬಟ್ಟೆಯ ಅಂಚಿನಲ್ಲಿ ಎಣ್ಣೆಯ ಬೆರಳಚ್ಚೊಂದು ಹಾಗೇ ಉಳಿದಿತ್ತು. ಸಬಾತೀನೊ ಕಲ್ಲು ಎತ್ತಿ ಮುಚ್ಚಿ, ಸುತ್ತ ಗಾರೆ ಮೆತ್ತಿದ.